ಹಳೆಯ ಮಿಕ್ಸರಿನ ಹೊಟ್ಟೆ ಬಗೆಯಬೇಡಿ

ಮನೆಯಲ್ಲೇ ಧ್ವನಿಮುದ್ರಣ ಮಾಡುವ ಹವ್ಯಾಸ ಈಗ ನಮ್ಮ ಮುಂಬಯಿ ಕನ್ನಡಿಗರಲ್ಲೂ ಹಬ್ಬಿದೆ. ಸಂತೋಷವೇ. ಒಂದು ಕಂಪ್ಯೂಟರು, ಎರಡು ಮೈಕು, ಕಿಟಕಿಗೆ ದಪ್ಪನೆಯ ಪರದೆ, ಗೋಡೆಗೊಂದು ರಜಾಯಿ ಇದ್ದರೆ ಹತ್ತಡಿ ಕೋಣೆಯೇ ಸ್ಟುಡಿಯೋ. ಮಗಳ ಭಾವಗೀತೆ, ಭಜನಾ ಮಂಡಳಿಯ ಹಾಡು, ಮಾವನವರ ತಾಳಮದ್ದಳೆಯ ಅರ್ಥ ಎಲ್ಲವೂ ಅಲ್ಲಿ ದಾಖಲಾಗುತ್ತವೆ. ಆದರೆ ಈ ಹವ್ಯಾಸದ ಬೆನ್ನಿಗೇ ಒಂದು ಗೀಳು ಹತ್ತಿಕೊಂಡಿದೆ. ಮುಚ್ಚಿಹೋದ ಸ್ಟುಡಿಯೋದಿಂದಲೋ, ಬಾಡಿಗೆ ಸೌಂಡಿನವರ ಗೋದಾಮಿನಿಂದಲೋ, ಚೋರ್ ಬಜಾರಿನಿಂದಲೋ ಒಂದು ಹಳೆಯ ಮಿಕ್ಸಿಂಗ್ ಕನ್ಸೋಲನ್ನು ಹೊತ್ತು ತಂದು ಅದಕ್ಕೆ ‘ಪುನರುಜ್ಜೀವನ’ ಮಾಡಿಸುವುದು. ಹಳೆಯದನ್ನು ತರುವವರ ಮೇಲೆ ನನಗೆ ಕೋಪವಿಲ್ಲ, ಗೌರವವೇ ಉಂಟು. ನನ್ನ ಜಗಳವೆಲ್ಲ ಈ ಪುನರುಜ್ಜೀವನದ ಹೆಸರಿನಲ್ಲಿ ನಡೆಯುತ್ತಿರುವ ಕಗ್ಗೊಲೆಯೊಡನೆ.

ಮಿಕ್ಸರ್ ಎಂದೊಡನೆ ಚಟ್ನಿಯ ನೆನಪಾಗುವ ಓದುಗರಿಗಾಗಿ ಒಂದು ಮಾತು. ಇದು ಹಲವು ಮೈಕುಗಳ ಧ್ವನಿಯನ್ನು ಬೇರೆ ಬೇರೆ ದಾರಿಯಲ್ಲಿ ಒಳಗೆ ತೆಗೆದುಕೊಂಡು, ಪ್ರತಿಯೊಂದನ್ನೂ ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸಿ, ಕೊನೆಗೆ ಒಂದಾಗಿಸಿ ಕೊಡುವ ಮೇಜು. ಒಂದೊಂದು ದಾರಿಗೂ ಚಾನೆಲ್ ಎಂದು ಹೆಸರು. ಅದರ ಕೆಳತುದಿಯಲ್ಲಿ ಬೆರಳಿನಿಂದ ಮೇಲೆ ಕೆಳಗೆ ಸರಿಸುವ ಗುಂಡಿಯೇ ಫೇಡರ್. ಹಳೆಯ ಕಾಲದವುಗಳಲ್ಲಿ ಎಲ್ಲ ಕೆಲಸವನ್ನೂ ಟ್ರಾನ್ಸಿಸ್ಟರು, ಐ.ಸಿ., ರೆಸಿಸ್ಟರು, ಕೆಪಾಸಿಟರುಗಳೇ ಮಾಡುತ್ತಿದ್ದವು. ಮುಚ್ಚಳ ತೆಗೆದರೆ ಎಲ್ಲವೂ ಕಣ್ಣಿಗೆ ಕಾಣುತ್ತವೆ. ಅದೇ ಅದರ ಸೊಗಸು, ಅದೇ ಅದರ ದುರದೃಷ್ಟ. ಕಾಣುವುದನ್ನೆಲ್ಲ ಕೀಳಬಹುದಲ್ಲ!

ಪುನರುಜ್ಜೀವನ ಪಂಥದವರ ಮಂತ್ರ ಬಹಳ ಸರಳ. ಇಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನೆಲ್ಲ ಕಿತ್ತು ಹೊಸದು ಹಾಕು. ಐ.ಸಿ.ಗಳನ್ನೆಲ್ಲ ಕಿತ್ತು ಇನ್ನೂ ಒಳ್ಳೆಯದು ಹಾಕು. ಯಾಕೆ? ಹಳೆಯದಾಯಿತಲ್ಲ, ಅದಕ್ಕೆ. ಯಂತ್ರ ಕೆಟ್ಟಿದೆಯೇ, ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂಬ ಪ್ರಶ್ನೆ ಏಳುವುದೇ ಇಲ್ಲ. ಹಳೆಯ ನಾದ ಬೇಕೆಂದು ಹಳೆಯ ಯಂತ್ರವನ್ನು ತರುತ್ತಾರೆ, ತಂದ ಮೇಲೆ ಆ ನಾದವನ್ನು ಕೊಡುತ್ತಿದ್ದ ಅಂಗಗಳನ್ನೇ ಕಸದ ಬುಟ್ಟಿಗೆ ಹಾಕುತ್ತಾರೆ. ಅಜ್ಜಿಯ ಕೈರುಚಿ ಬೇಕೆಂದು ಊರಿನಿಂದ ಅಜ್ಜಿಯನ್ನು ಕರೆಸಿ, ಅಡಿಗೆಗೆ ಹೋಟೆಲಿನವನನ್ನು ನೇಮಿಸಿದ ಹಾಗೆ.

ಈ ಗೀಳಿನ ಮೂಲ ದೂರದ್ದು. ಅಮೆರಿಕದ ಲಾಸ್ ಏಂಜಲಿಸ್‌ನ ವ್ಯಾನ್ ನೈಸ್ ಎಂಬಲ್ಲಿ ಸೌಂಡ್ ಸಿಟಿ ಎಂಬ ಸ್ಟುಡಿಯೋ ಇತ್ತು. ಅಲ್ಲಿಗೆ ೧೯೭೩ರಲ್ಲಿ ಇಂಗ್ಲೆಂಡಿನ ರೂಪರ್ಟ್ ನೀವ್ ಅವರ ಕಂಪನಿಯಿಂದ ೮೦೨೮ ಮಾದರಿಯ ಕನ್ಸೋಲೊಂದು ಬಂತು. ಬೆಲೆ ಆ ಕಾಲದ ಸುಮಾರು ೭೫ ಸಾವಿರ ಡಾಲರು. ಫ್ಲೀಟ್‌ವುಡ್ ಮ್ಯಾಕ್ ತಂಡ ಅದರ ಮುಂದೆ ಹಾಡಿತು. ನಿರ್ವಾನಾ ತಂಡದ ‘ನೆವರ್‌ಮೈಂಡ್’ ೧೯೯೧ರಲ್ಲಿ ಹೊರಬಂದದ್ದೂ ಅಲ್ಲಿನ ಧ್ವನಿಮುದ್ರಣದಿಂದಲೇ. ೨೦೧೧ರಲ್ಲಿ ಸ್ಟುಡಿಯೋ ಬಾಗಿಲು ಹಾಕಿದಾಗ ಅದೇ ನಿರ್ವಾನಾದಲ್ಲಿ ಡ್ರಮ್ ಬಾರಿಸಿದ್ದ ಡೇವ್ ಗ್ರೋಲ್ ಆ ಕನ್ಸೋಲನ್ನು ಕೊಂಡು ತಮ್ಮ ಸ್ವಂತ ಸ್ಟುಡಿಯೋಕ್ಕೆ ಸಾಗಿಸಿದರು, ೨೦೧೩ರಲ್ಲಿ ಅದರ ಮೇಲೊಂದು ಸಾಕ್ಷ್ಯಚಿತ್ರವನ್ನೂ ತೆಗೆದರು. ಅಂದಿನಿಂದ ಮನೆ ಸ್ಟುಡಿಯೋದವರಿಗೆಲ್ಲ ಹಳೆಯ ಕನ್ಸೋಲು ಎಂದರೆ ದೇವರ ಪೀಠ. ನೀವ್ ಅವರು ೨೦೨೧ರಲ್ಲಿ ೯೪ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹಳೆಯ ಕನ್ಸೋಲುಗಳಲ್ಲಿ ಎಷ್ಟೋ ಇಡಿಯಾಗಿ ಉಳಿದಿಲ್ಲ. ವ್ಯಾಪಾರಿಗಳು ಅವನ್ನು ಒಡೆದು ಚಾನೆಲುಗಳನ್ನು ಬಿಡಿಬಿಡಿಯಾಗಿ ಮಾರಿದ್ದಾರೆ. ಭಕ್ತಿ ಹೆಚ್ಚಾದಾಗ ವಿಗ್ರಹಕ್ಕೆ ಆಗುವ ಗತಿ ಇದೇ.

ಆದರೆ ನಮ್ಮವರ ಕೈಗೆ ಸಿಗುವುದು ನೀವ್ ಅಲ್ಲ ಸ್ವಾಮಿ! ಅದೇ ೧೯೭೩ರಲ್ಲಿ ಇಂಗ್ಲೆಂಡಿನಲ್ಲಿ ಫಿಲ್ ಡಡರಿಜ್ ಮತ್ತು ಗ್ರಹಾಂ ಬ್ಲೈತ್ ಎಂಬಿಬ್ಬರು ಸೌಂಡ್‌ಕ್ರಾಫ್ಟ್ ಕಂಪನಿ ಕಟ್ಟಿದರು. ಊರೂರು ತಿರುಗುವ ವಾದ್ಯತಂಡಗಳಿಗಾಗಿ ಪೆಟ್ಟಿಗೆಯೊಳಗೇ ಕೂರುವ ಮಿಕ್ಸರು ಅವರ ಮೊದಲ ಸರಕು. ನಮ್ಮ ಮನೆಗಳಿಗೆ ಬರುವುದು ಆ ಕುಲದ ಮಿಕ್ಸರುಗಳು, ಐ.ಸಿ.ಗಳಿಂದ ಕಟ್ಟಿದಂಥವು. ಆ ಕಾಲದ ನೀವ್‌ನಲ್ಲಿ ಒಳಬರುವಲ್ಲಿ ಒಂದು ಟ್ರಾನ್ಸ್‌ಫಾರ್ಮರು, ಹೊರಹೋಗುವಲ್ಲಿ ಒಂದು ಟ್ರಾನ್ಸ್‌ಫಾರ್ಮರು, ನಡುವೆ ಬಿಡಿ ಟ್ರಾನ್ಸಿಸ್ಟರುಗಳು. ಅದರ ಗುಣ ಅಲ್ಲಿಂದ ಬಂತು. ಐ.ಸಿ. ಮಿಕ್ಸರಿಗೆ ಎಷ್ಟೇ ದುಬಾರಿ ಕೆಪಾಸಿಟರು ತುಂಬಿದರೂ ಅದು ನೀವ್ ಆಗದು. ಆಗಬೇಕಾದ್ದೂ ಇಲ್ಲ, ಅದು ತನ್ನ ಮಟ್ಟಿಗೆ ಒಳ್ಳೆಯ ಯಂತ್ರವೇ.

ಇನ್ನು ಕೆಪಾಸಿಟರಿನ ವಿಚಾರ. ನಾನು ಸಂಗೀತಗಾರನಲ್ಲ, ಕೇಂದ್ರ ಸರ್ಕಾರದ ಕಚೇರಿಯೊಂದರ ಗುಮಾಸ್ತ. ಆದರೆ ಬಿ.ಎಸ್ಸಿ.ಯಲ್ಲಿ ಕಲಿತ ಭೌತಶಾಸ್ತ್ರ ಪೂರ್ತಿ ಆವಿಯಾಗಿಲ್ಲ. ಇಲೆಕ್ಟ್ರೋಲಿಟಿಕ್ ಕೆಪಾಸಿಟರಿನೊಳಗೆ ಅಲ್ಯುಮಿನಿಯಂ ಹಾಳೆ, ಅದರ ಮೇಲೆ ತೆಳು ಆಕ್ಸೈಡ್ ಪದರ, ಜೊತೆಗೆ ಒಂದು ದ್ರವ ಇರುತ್ತವೆ. ವರ್ಷಗಳು ಕಳೆದಂತೆ ದ್ರವ ಒಣಗುತ್ತದೆ, ಶಾಖವಿದ್ದಷ್ಟೂ ಬೇಗ ಒಣಗುತ್ತದೆ. ೧೦ ಡಿಗ್ರಿ ತಂಪಾಗಿದ್ದರೆ ಆಯಸ್ಸು ಹೆಚ್ಚುಕಡಿಮೆ ಇಮ್ಮಡಿ ಎಂಬುದು ಇಂಜಿನಿಯರುಗಳ ಲೆಕ್ಕ. ಹಾಗಾದರೆ ಸಾಯುವವು ಯಾವುವು? ಪವರ್ ಸಪ್ಲೈಯಲ್ಲಿ ಬಿಸಿಯ ಪಕ್ಕ ಕುಳಿತವು. ಅವು ಒಣಗಿದರೆ ೧೦೦ ಹರ್ಟ್ಸ್‌ನ ಗುಂಯ್‌ಗುಡುವಿಕೆ ಕೇಳಿಯೇ ಕೇಳುತ್ತದೆ. ಅವನ್ನು ಬದಲಿಸಿ, ಯಾರು ಬೇಡವೆಂದರು?

ಚಾನೆಲಿನ ಒಳಗೆ ಧ್ವನಿಯನ್ನು ಒಂದು ಹಂತದಿಂದ ಇನ್ನೊಂದಕ್ಕೆ ದಾಟಿಸುವ ಕೆಪಾಸಿಟರುಗಳ ಕತೆಯೇ ಬೇರೆ. ೧೦ ಮೈಕ್ರೋಫ್ಯಾರಡ್ ಕೆಪಾಸಿಟರಿನ ಮುಂದೆ ೧೦ ಸಾವಿರ ಓಮ್ ರೆಸಿಸ್ಟರು ಇದೆ ಎಂದಿಟ್ಟುಕೊಳ್ಳಿ. ಅದು ತಡೆಯುವ ಧ್ವನಿ ಸುಮಾರು ೧.೬ ಹರ್ಟ್ಸ್‌ಗಿಂತ ಕೆಳಗಿನದು. ಕೆಪಾಸಿಟರು ಮುದಿಯಾಗಿ ಅರ್ಧಕ್ಕರ್ಧ ಶಕ್ತಿ ಕಳೆದುಕೊಂಡರೂ ಲೆಕ್ಕ ೩.೨ಕ್ಕೆ ಬರುತ್ತದೆ. ಮನುಷ್ಯನ ಕಿವಿ ಶುರುವಾಗುವುದೇ ೨೦ರ ಆಸುಪಾಸಿನಲ್ಲಿ. ಅಂದರೆ ಯಾವ ಕೇಡನ್ನು ಕಿವಿ ಕೇಳಲಾರದೋ ಅದನ್ನು ಸರಿಪಡಿಸಲು ನಾವು ದುಡ್ಡು ಸುರಿಯುತ್ತೇವೆ. ಕಡಿಮೆ ರೆಸಿಸ್ಟೆನ್ಸಿನ ಹೊರೆ ಎಳೆಯುವ ಜಾಗಗಳಲ್ಲಿ ಈ ಲೆಕ್ಕ ಬದಲಾದೀತು. ಸೋರುವ ಕೆಪಾಸಿಟರು ಫೇಡರಿನ ಮೇಲೆ ಡಿ.ಸಿ. ಬಿಟ್ಟು ಕರಕರ ಎನಿಸಿದರೆ ಅದನ್ನೂ ತೆಗೆಯಲೇಬೇಕು. ಆದರೆ ಅದನ್ನು ಅಳೆದು ಪತ್ತೆಹಚ್ಚಬಹುದು, ಮಲ್ಟಿಮೀಟರ್ ಸಾಕು. ಅಳೆಯದೆ ಎಲ್ಲವನ್ನೂ ಕಿತ್ತರೆ ಏನಾಗುತ್ತದೆ? ೨೪ ಚಾನೆಲು, ಚಾನೆಲಿಗೆ ೩೦ರಂತೆ ೭೨೦ ಕೆಪಾಸಿಟರು, ೧,೪೪೦ ಬೆಸುಗೆ. ಹಳೆಯ ಬೋರ್ಡಿನ ತಾಮ್ರದ ಗೆರೆ ಬಿಸಿ ತಗಲಿದರೆ ಹಪ್ಪಳದಂತೆ ಏಳುತ್ತದೆ. ನೂರಕ್ಕೊಂದು ಬೆಸುಗೆ ತಪ್ಪಿದರೂ ಹೊಸದಾಗಿ ೧೪ ರೋಗಗಳನ್ನು ನಾವೇ ಹುಟ್ಟಿಸಿದಂತಾಯಿತು.

ಐ.ಸಿ.ಯ ಮೋಹ ಇದಕ್ಕಿಂತ ಅಪಾಯದ್ದು. ಟಿಎಲ್ ೦೭೨ ಇರುವಲ್ಲಿ ಎನ್‌ಇ ೫೫೩೨ ಕೂರಿಸಿದರೆ ಗದ್ದಲ ಕಡಿಮೆಯಾಗುತ್ತದಂತೆ. ಹಲ್ಲುಗಳ ಸಂಖ್ಯೆ ಒಂದೇ ಎಂದು ದಂತಪಂಕ್ತಿ ಅದಲುಬದಲು ಮಾಡಿಕೊಳ್ಳುತ್ತಾರೆಯೆ? ಹೊಸದು ಸಾಮಾನ್ಯವಾಗಿ ೮ ಮಿಲಿಆಂಪಿಯರ್ ಕರೆಂಟು ನುಂಗಿದರೆ ಹಳೆಯದಕ್ಕೆ ೩ಕ್ಕಿಂತ ಕಡಿಮೆ ಸಾಕು. ನೂರು ಐ.ಸಿ. ಬದಲಿಸಿದರೆ ಪವರ್ ಸಪ್ಲೈಯ ಮೇಲೆ ಅರ್ಧ ಆಂಪಿಯರಿನ ಹೊಸ ಹೊರೆ. ಮೇಲಾಗಿ ೫೫೩೨ರ ಒಳಹರಿವಿನ ಕರೆಂಟು ಸಾವಿರಾರು ಪಾಲು ಜಾಸ್ತಿ, ಅದಕ್ಕೆಂದು ರಚಿಸದ ಸರ್ಕ್ಯೂಟಿನಲ್ಲಿ ಶಾಂತವಾಗಿದ್ದ ಗುಂಡಿಗಳೂ ಕೆರೆಯತೊಡಗುತ್ತವೆ. ಇಷ್ಟೆಲ್ಲ ಗಳಿಸಿ ಉಳಿಸುವುದೇನು? ೨೦೦ ಓಮಿನ ಮೈಕು, ಅದಕ್ಕೆ ಏನೂ ಜೋಡಿಸದೆ ಇದ್ದರೂ, ಇಲೆಕ್ಟ್ರಾನುಗಳ ಚಲನೆಯಿಂದಲೇ ಕಾಲು ಮೈಕ್ರೋವೋಲ್ಟಿನಷ್ಟು ಗದ್ದಲ ಹುಟ್ಟಿಸುತ್ತದೆ. ಯಾವ ಐ.ಸಿ.ಯೂ ಇದರ ಕೆಳಗಿಳಿಯಲಾರದು. ಸುಸ್ಥಿತಿಯ ಹಳೆಯ ಮಿಕ್ಸರು ಈ ಮಿತಿಯ ಎರಡು ಮೂರು ಡೆಸಿಬೆಲ್ ಹತ್ತಿರವೇ ಇರುತ್ತದೆ. ಕಿಟಕಿಯಾಚೆ ರಿಕ್ಷಾ, ಪಕ್ಕದ ಮನೆಯ ಕುಕ್ಕರಿನ ಸೀಟಿ, ಹನ್ನೆರಡು ನಿಮಿಷಕ್ಕೊಂದು ಲೋಕಲ್ ರೈಲು. ಇವುಗಳ ನಡುವೆ ಕೂತು ಆ ಎರಡು ಡೆಸಿಬೆಲ್ಲಿಗಾಗಿ ಭವಿಷ್ಯನಿಧಿಯ ಹಣ ತೆಗೆಯುವವರಿಗೆ ಏನೆನ್ನೋಣ?

ನಾನು ಕಂಡ ಒಂದು ಪ್ರಸಂಗ ಹೇಳಬೇಕು. ನಮ್ಮ ಕಾಲನಿಯ ಕುಟುಂಬವೊಂದು ಮನೆಯ ಹಿರಿಯಾಕೆಯ ಹಾಡುಗಳನ್ನು ಮುದ್ರಿಸಿಡಲೆಂದೇ ೧೬ ಚಾನೆಲಿನ ಹಳೆಯ ಮಿಕ್ಸರು ತಂದಿತು. ಆಕೆಗೆ ಮದುವೆಯ ಹಾಡು, ಒಸಗೆಯ ಹಾಡು, ಬೀಸುವ ಹಾಡು ಎಲ್ಲ ಬಾಯಿಗೆ ಬರುತ್ತಿತ್ತು. ಬಂದ ದಿನ ೧೬ರಲ್ಲಿ ೧೧ ಚಾನೆಲು ಸರಿಯಾಗಿ ಕೆಲಸ ಮಾಡುತ್ತಿದ್ದವು. ಒಬ್ಬ ಅಜ್ಜಿಯ ಕಂಠಕ್ಕೆ ಎಷ್ಟು ಚಾನೆಲು ಬೇಕು? ಒಂದು. ಆದರೆ ‘ಎಲ್ಲ ಬದಲಿಸಿದ ಮೇಲೆಯೇ ಶುರು’ ಎಂದು ತಜ್ಞರೊಬ್ಬರು ಅಪ್ಪಣೆ ಕೊಡಿಸಿದರು. ಪರದೇಶದ ಕೆಪಾಸಿಟರು ಬರಲು ತಿಂಗಳುಗಳಾದವು, ಬಂದವುಗಳಲ್ಲಿ ಅಳತೆ ಹೊಂದದವು ವಾಪಸಾದವು. ಯಂತ್ರ ಎಂಟು ತಿಂಗಳು ಹೊಟ್ಟೆ ತೆರೆದುಕೊಂಡು ದಿವಾನದ ಮೇಲೆ ಮಲಗಿತ್ತು. ಒಂಬತ್ತನೆಯ ತಿಂಗಳು ಅಜ್ಜಿ ತೀರಿಕೊಂಡರು. ಈಗ ಮಿಕ್ಸರಿನ ೧೬ ಚಾನೆಲೂ ಸರಿಯಿವೆ ಎಂದು ಕೇಳಿದ್ದೇನೆ.

ಹಾಗಾದರೆ ಮಾಡಬೇಕಾದ್ದೇನು ಎಂದರೆ, ಬಹಳ ಸ್ವಲ್ಪ. ಹತ್ತಿಪ್ಪತ್ತು ವರ್ಷ ಮೂಲೆಯಲ್ಲಿದ್ದ ಮಿಕ್ಸರನ್ನು ತಂದ ಕೂಡಲೇ ಪ್ಲಗ್ಗಿಗೆ ಸಿಕ್ಕಿಸಬೇಡಿ. ಕೆಪಾಸಿಟರಿನ ಆಕ್ಸೈಡ್ ಪದರ ತೆಳುವಾಗಿರುತ್ತದೆ, ಒಮ್ಮೆಲೇ ಪೂರ್ಣ ವೋಲ್ಟೇಜು ಬಿದ್ದರೆ ಸಿಡಿದೀತು. ಪವರ್ ಸಪ್ಲೈಯನ್ನು ಮಿಕ್ಸರಿನಿಂದ ಬೇರ್ಪಡಿಸಿ, ತಿಳಿದವರನ್ನು ಪಕ್ಕದಲ್ಲಿಟ್ಟುಕೊಂಡು, ವೇರಿಯಾಕಿನಿಂದ ನಿಧಾನವಾಗಿ ಏರಿಸಿ, ಹೊರಬರುವ ವೋಲ್ಟೇಜು ಅಳೆಯಿರಿ. ಅದು ಸರಿಯಿದ್ದರೆ ಮಾತ್ರ ಮುಂದಿನದು. ಆಮೇಲೆ ಒಳಗಿನ ಪ್ರತಿಯೊಂದು ಕನೆಕ್ಟರನ್ನೂ ಎಳೆದು ಮತ್ತೆ ಕೂರಿಸಿ, ಮುಂಬಯಿಯ ಉಪ್ಪುಗಾಳಿಗೆ ಕಿಲುಬು ಹಿಡಿದ ಕಾಲುಗಳಲ್ಲಿ ಅರ್ಧ ರೋಗ ಅಡಗಿರುತ್ತದೆ. ಚಾನೆಲೊಂದು ಸತ್ತಂತಿದ್ದರೆ ಅದರ ಹಿಂದಿನ ‘ಇನ್ಸರ್ಟ್’ ತೂತಿಗೆ ಒಂದು ಪ್ಲಗ್ಗನ್ನು ನಾಲ್ಕಾರು ಸಲ ಹಾಕಿ ತೆಗೆಯಿರಿ. ಧ್ವನಿ ಆ ತೂತಿನ ಒಳಗಿನ ಸಣ್ಣ ಲೋಹದ ಪಟ್ಟಿಯ ಮೂಲಕವೇ ಹಾದುಹೋಗಬೇಕು. ಅದು ಕೊಳೆಯಾದರೆ ಚಾನೆಲು ಮೂಕ. ‘ಸತ್ತ’ ಚಾನೆಲುಗಳು ಹೀಗೆ ಎದ್ದು ಕೂರುವುದನ್ನು ಕಂಡಿದ್ದೇನೆ, ಖರ್ಚು ಸೊನ್ನೆ. ಉಳಿದದ್ದಕ್ಕೆ ಲ್ಯಾಮಿಂಗ್ಟನ್ ರೋಡಿನ ಒಂದು ಸುತ್ತು ಸಾಕು.

ಒಂದು ವಿಷಯದಲ್ಲಿ ಮಾತ್ರ ನಾನು ತಮಾಷೆ ಮಾಡುವುದಿಲ್ಲ. ಹಮ್ ಬರುತ್ತದೆಂದು ಮೂರು ಕಾಲಿನ ಪ್ಲಗ್ಗಿನ ಅರ್ಥಿಂಗ್ ಕಾಲನ್ನು ಕತ್ತರಿಸುವವರಿದ್ದಾರೆ, ಅದನ್ನೊಂದು ಉಪಾಯವೆಂದು ಹೇಳಿಕೊಡುವವರೂ ಇದ್ದಾರೆ. ಹಳೆಯ ಟ್ರಾನ್ಸ್‌ಫಾರ್ಮರಿನ ಇನ್ಸುಲೇಶನ್ ಎಂದಾದರೂ ಬಿಟ್ಟುಕೊಟ್ಟರೆ ೨೩೦ ವೋಲ್ಟು ಮಿಕ್ಸರಿನ ಮೈಗೆ, ಅಲ್ಲಿಂದ ತಂತಿಯ ಮೂಲಕ ಮೈಕಿನ ಲೋಹಕ್ಕೆ ಬರುತ್ತದೆ. ಹಾಡುವ ಮಗುವಿನ ತುಟಿ ಆ ಮೈಕಿಗೆ ಅಂಟಿಕೊಂಡಿರುತ್ತದೆ. ಹಮ್ ಹೋಗಿಸಲು ಯಂತ್ರಗಳನ್ನೆಲ್ಲ ಒಂದೇ ಸಾಕೆಟ್ಟಿನಿಂದ ನಡೆಸುವುದು, ಬ್ಯಾಲೆನ್ಸ್ಡ್ ತಂತಿ ಬಳಸುವುದು, ಅದರ ಹೊರಜಾಲರಿಯನ್ನು ಒಂದು ತುದಿಯಲ್ಲಿ ಬಿಡಿಸುವುದು ಮುಂತಾದ ಸಭ್ಯ ದಾರಿಗಳಿವೆ. ನಿಮ್ಮ ಹಳೆಯ ಕಟ್ಟಡದಲ್ಲಿ ಅರ್ಥಿಂಗೇ ಇಲ್ಲದಿದ್ದರೆ ಮೊದಲ ಖರ್ಚು ಅದಕ್ಕೆ, ಮಿಕ್ಸರು ಆಮೇಲೆ.

‘ಇಷ್ಟೆಲ್ಲ ತಲೆನೋವು ಯಾಕೆ, ಗುಜರಿಗೆ ಹಾಕಿ ಹೊಸ ಡಿಜಿಟಲ್ ತನ್ನಿ’ ಎನ್ನುವ ಇನ್ನೊಂದು ಪಂಗಡವೂ ಉಂಟು. ಹೊಸದು ಒಳ್ಳೆಯದೇ, ಸದ್ದೂ ಸ್ವಚ್ಛ. ಆದರೆ ಹಳೆಯ ಮಿಕ್ಸರಿಗೆ ಸರ್ಕ್ಯೂಟಿನ ನಕ್ಷೆ ಸಿಗುತ್ತಿತ್ತು. ಕೊಂಡವನು, ಅವನ ಮಗ, ಬೀದಿಯ ರೇಡಿಯೋ ರಿಪೇರಿಯವ, ಯಾರೂ ಓದಬಹುದಿತ್ತು. ಇಂದಿನದರಲ್ಲಿ ಒಂದು ಬೋರ್ಡು ಹೋದರೆ ‘ಇಡೀ ಬೋರ್ಡು ಬದಲಿಸಿ’ ಎಂದಷ್ಟೇ ಉತ್ತರ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ೨೦೨೨ರ ಜುಲೈಯಲ್ಲಿ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು, ಅದೇ ಡಿಸೆಂಬರಿನಲ್ಲಿ ಅದಕ್ಕಾಗಿ ಒಂದು ಜಾಲತಾಣವನ್ನೂ ತೆರೆಯಿತು. ಕೃಷಿ ಉಪಕರಣ, ಮೊಬೈಲು ಮತ್ತು ಇಲೆಕ್ಟ್ರಾನಿಕ್ ಸಾಮಾನು, ಗೃಹೋಪಯೋಗಿ ವಸ್ತು, ವಾಹನ ಎಂದು ನಾಲ್ಕು ವಿಭಾಗ. ಸರ್ಕಾರಿ ನೌಕರನಾದ ನಾನು ಸುತ್ತೋಲೆಗಳನ್ನು ಅತಿಯಾಗಿ ನಂಬುವವನಲ್ಲ, ಆದರೂ ಮಾತು ಸರಿಯಾಗಿದೆ. ರಿಪೇರಿ ಮಾಡಬಲ್ಲ ಯಂತ್ರ ಮನೆಯಲ್ಲಿರುವಾಗ ಅದನ್ನು ತೂಕಕ್ಕೆ ಮಾರುವುದೂ, ಅದರ ಹೊಟ್ಟೆ ಬಗೆಯುವುದೂ ಒಂದೇ ಅಜ್ಞಾನದ ಎರಡು ಮುಖ.

ನಮ್ಮ ಸಂಘದ ಅಟ್ಟದಲ್ಲೂ ನಾಟಕೋತ್ಸವದ ಕಾಲದ ಒಂದು ೧೨ ಚಾನೆಲಿನ ಮಿಕ್ಸರು ಧೂಳು ತಿನ್ನುತ್ತಿದೆ. ಬರುವ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಅದರ ವಿಲೇವಾರಿಯ ಪ್ರಸ್ತಾಪವಿದೆಯೆಂದು ಕೇಳಿದೆ. ಒಬ್ಬರು ಗುಜರಿಗೆ ಎನ್ನುತ್ತಾರಂತೆ, ಇನ್ನೊಬ್ಬರು ಪೂರ್ಣ ಪುನರುಜ್ಜೀವನದ ಅಂದಾಜುಪಟ್ಟಿ ತಂದಿದ್ದಾರಂತೆ. ಸಮಿತಿಯ ಮಹನೀಯರು ಎರಡಕ್ಕೂ ಸಹಿ ಹಾಕುವ ಮುನ್ನ ಎರಡು ಭಾನುವಾರ ಅದನ್ನು ನನ್ನ ಮತ್ತು ನಮ್ಮ ಹುಡುಗರ ಕೈಗೆ ಕೊಡಲಿ. ಮಲ್ಟಿಮೀಟರು, ಬೆಸುಗೆ ಕಬ್ಬಿಣ ನಾನೇ ತರುತ್ತೇನೆ, ಚಹಾ ಸಂಘದ್ದು. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಯಲ್ಲಿ ಧಾರಾಳವಾಗಿ ಉತ್ತರ ಬರೆಯಲಿ, ಆದರೆ ಕೆಪಾಸಿಟರನ್ನು ಕೀಳುವ ಮುನ್ನ ಅಳೆದ ಅಂಕಿಗಳನ್ನು ಜೊತೆಗಿಟ್ಟು ಬರೆಯಲಿ.