ಡಿಸ್ಕ್ ಆಸೆ ಆಮೇಲೆ, ಮೊದಲು ಡ್ರಮ್ ಬಿಚ್ಚಿಸಿ

ಹಳೆಯ ಸ್ವಿಫ್ಟ್ ಇಟ್ಟುಕೊಂಡ ಹುಡುಗರಿಗೆ ಹಿಂದಿನ ಚಕ್ರದ ಡ್ರಮ್ ಬ್ರೇಕ್ ಕಿತ್ತು ಡಿಸ್ಕ್ ಹಾಕಿಸುವ ಹುಚ್ಚು ಹಿಡಿದಿದೆ. ಹೊಸ ಸಾಮಾನು ತರಿಸಿದರೆ ಕೈ ಸುಡುತ್ತದೆ. ಹಾಗಾಗಿ ಶಿವಾಜಿನಗರದ ಗುಜರಿಯಲ್ಲಿ ಅಪಘಾತವಾದ ಬಲೆನೊ ಆರ್‌ಎಸ್‌ನದೋ ಎಸ್-ಕ್ರಾಸ್‌ನದೋ ಕ್ಯಾಲಿಪರ್ ಹುಡುಕಿ, ಲೇತಿನವರ ಹತ್ತಿರ ಒಂದು ಬ್ರಾಕೆಟ್ ಮಾಡಿಸಿ, ಕಡಿಮೆ ದುಡ್ಡಿನಲ್ಲಿ ‘ನಾಲ್ಕೂ ಡಿಸ್ಕ್’ ಎಂದು ಬೀಗುವುದು. ಇವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಈಗ ಇರುವ ಡ್ರಮ್ಮನ್ನು ಕೊನೆಯ ಸಲ ಬಿಚ್ಚಿಸಿದ್ದು ಯಾವಾಗ? ಉತ್ತರ ಬರುವುದಿಲ್ಲ. ‘ಬ್ರೇಕ್ ಹಿಡೀತಿದೆಯಲ್ಲ ಸಾರ್’ ಎಂಬ ಉಡಾಫೆ ಬರುತ್ತದೆ.

ಹಿಡಿಯುತ್ತಿರುವುದು ಹೇಗೆ ಎಂದು ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ. ವರ್ಷಗಟ್ಟಲೆ ಮುಟ್ಟದ ಡ್ರಮ್ ಸುಲಭಕ್ಕೆ ಹೊರಗೆ ಬರುವುದೇ ಇಲ್ಲ. ಬ್ರೇಕ್ ಶೂ ಉಜ್ಜಿ ಉಜ್ಜಿ ಒಳಗೆ ಹಳ್ಳ ಬಿದ್ದು, ಅಂಚಿನಲ್ಲಿ ತುಕ್ಕಿನ ಏಣು ಎದ್ದಿರುತ್ತದೆ. ಸುತ್ತಿಗೆಯಲ್ಲಿ ನಾಲ್ಕು ತಟ್ಟಿದರೆ ಒಂದು ಹಿಡಿ ಕಪ್ಪು ಪುಡಿ ಉದುರುತ್ತದೆ. ಶೂ ಮೇಲಿನ ಲೈನರ್ ಗಾಜಿನಂತೆ ಹೊಳೆಯುತ್ತಿರುತ್ತದೆ, ಅಂದರೆ ಕಾದು ಗಟ್ಟಿಯಾಗಿ ಹಿಡಿತ ಕಳೆದುಕೊಂಡಿರುತ್ತದೆ. ವೀಲ್ ಸಿಲಿಂಡರಿನ ರಬ್ಬರ್ ಟೋಪಿಯನ್ನು ಉಗುರಿನಲ್ಲಿ ಎತ್ತಿದರೆ ಒಳಗೆ ಬ್ರೇಕ್ ಎಣ್ಣೆಯ ಪಸೆ. ಶೂ ಸವೆದಂತೆ ಅಂತರವನ್ನು ತಾನೇ ಸರಿಪಡಿಸಬೇಕಾದ ಅಡ್ಜಸ್ಟರ್ ತುಕ್ಕು ಹಿಡಿದು ಕುಳಿತಿರುತ್ತದೆ. ಇಷ್ಟೆಲ್ಲ ಒಳಗಿಟ್ಟುಕೊಂಡು ಮಾಲೀಕ ಮಾಡಿಸಿರುವುದು ಏನು? ಹ್ಯಾಂಡ್‌ಬ್ರೇಕ್ ಮೇಲೆ ಬಂದಾಗಲೆಲ್ಲ ಅದರ ಕೇಬಲ್ ಎಳೆದು ಬಿಗಿ ಮಾಡಿಸಿದ್ದು. ರೋಗವನ್ನು ಮುಚ್ಚಿಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಡ್ರಮ್ ಕೆಟ್ಟದ್ದು, ಡಿಸ್ಕ್ ಒಳ್ಳೆಯದು ಎಂಬ ಸಾರಾಸಗಟು ಮಾತನ್ನು ಮೊದಲು ಬಿಡಬೇಕು. ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ. ಎಂಜಿನ್ ಮುಂದಿರುವ ಸಣ್ಣ ಕಾರಿನಲ್ಲಿ ನಿಲ್ಲಿಸುವ ಕೆಲಸದ ಬಹುಪಾಲನ್ನು ಮುಂದಿನ ಚಕ್ರಗಳೇ ಹೊರುತ್ತವೆ. ಅಲ್ಲಿ ಡಿಸ್ಕ್ ಈಗಾಗಲೇ ಇದೆ. ಹಗುರಾದ ಹಿಂಬದಿಗೆ ಬೇಕಿರುವುದು ಅಳತೆ ಮೀರದ ಹಿಡಿತ. ಜೊತೆಗೆ, ಕಾರನ್ನು ಕೊನೆಗೆ ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಹಿಡಿತ. ಸುಸ್ಥಿತಿಯ ಡ್ರಮ್ಮೇ ಹಿಂದಿನ ಚಕ್ರವನ್ನು ಲಾಕ್ ಮಾಡಬಲ್ಲದು ಎಂದ ಮೇಲೆ, ಡಿಸ್ಕ್ ಹಾಕಿದ ಮಾತ್ರಕ್ಕೆ ಒಂದು ಸಲದ ಬ್ರೇಕಿಗೆ ಕಾರು ಬೇಗ ನಿಲ್ಲುವುದಿಲ್ಲ. ಮತ್ತೆ ಮತ್ತೆ ಬ್ರೇಕ್ ಒತ್ತಿದಾಗ ಡಿಸ್ಕ್ ಬೇಗ ತಣಿಯುತ್ತದೆ, ನೀರಿನಲ್ಲಿ ನೆನೆದರೆ ಬೇಗ ಒಣಗುತ್ತದೆ, ಅದು ನಿಜವಾದ ಲಾಭ. ಆದರೆ ಫೋಕ್ಸ್‌ವ್ಯಾಗನ್ ತನ್ನ ಐಡಿ.4 ಎಂಬ ದುಬಾರಿ ವಿದ್ಯುತ್ ಕಾರಿನ ಹಿಂದಿನ ಚಕ್ರಕ್ಕೆ ಡ್ರಮ್ಮನ್ನೇ ಇಟ್ಟಿತು. ಅದಕ್ಕೆ ಕಾರಣವಿದೆ. ವೇಗ ತಗ್ಗಿಸುವ ಕೆಲಸವನ್ನು ಹೆಚ್ಚಾಗಿ ಮೋಟಾರೇ ಮಾಡುವ ಕಾರಿನಲ್ಲಿ ಅಪರೂಪಕ್ಕೆ ಬಳಕೆಯಾಗುವ ಡಿಸ್ಕ್ ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್ ಅಷ್ಟು ಬೇಗ ಹಿಡಿಯುವುದಿಲ್ಲ.

ಇನ್ನು ಗುಜರಿ ಕ್ಯಾಲಿಪರ್ ಕೂರಿಸಿದಾಗ ಏನಾಗುತ್ತದೆ ನೋಡಿ. ಡ್ರಮ್ಮಿನಲ್ಲಿ ಚಕ್ರ ತಿರುಗುವ ರಭಸವೇ ಒಂದು ಶೂವನ್ನು ಒಳಗಿನಿಂದ ಇನ್ನಷ್ಟು ಒತ್ತಿ ಹಿಡಿಸುತ್ತದೆ. ಡಿಸ್ಕಿಗೆ ಈ ಸಹಾಯವಿಲ್ಲ, ಅದಕ್ಕೆ ಹೆಚ್ಚು ಒತ್ತಡ ಬೇಕು. ಕ್ಯಾಲಿಪರಿನ ಪಿಸ್ಟನ್ ದೊಡ್ಡದು, ಅದನ್ನು ತಳ್ಳಲು ಹೆಚ್ಚು ಎಣ್ಣೆಯೂ ಬೇಕು. ಹಳೆಯ ಮಾಸ್ಟರ್ ಸಿಲಿಂಡರನ್ನೇ ಉಳಿಸಿಕೊಂಡರೆ ಪೆಡಲ್ ಆಳಕ್ಕೆ ಇಳಿಯುತ್ತದೆ. ಮುಂದೆ ಎಷ್ಟು, ಹಿಂದೆ ಎಷ್ಟು ಎಂದು ಒತ್ತಡ ಹಂಚುವ ವಾಲ್ವ್ ಹಳೆಯ ಡ್ರಮ್ಮಿನ ಲೆಕ್ಕದಲ್ಲೇ ಇರುತ್ತದೆ. ಲೆಕ್ಕ ತಪ್ಪಿ ಹಿಂದಿನ ಚಕ್ರ ಮೊದಲು ಲಾಕ್ ಆಯಿತೋ, ಕಾರು ಬಾಲ ಬೀಸಿ ಗಿರ್ರನೆ ತಿರುಗುತ್ತದೆ. ಮಳೆಗಾಲದ ರಸ್ತೆಯಲ್ಲಿ ಅದನ್ನು ಸಾವರಿಸಿಕೊಳ್ಳುವುದು ಸಾಮಾನ್ಯ ಚಾಲಕನ ಕೈಲಾಗುವ ಮಾತಲ್ಲ. ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ದೇಶದಲ್ಲಿ ಹೊಸ ಕಾರುಗಳಿಗೆ ಕಡ್ಡಾಯವಾದದ್ದು 2019ರಲ್ಲಿ. ಅಗ್ಗದ ಡಿಸ್ಕಿಗೆ ಕೈಹಾಕುವವರ ಕಾರುಗಳು ಅದಕ್ಕಿಂತ ಹಳೆಯವು. ಎಬಿಎಸ್ ಇಲ್ಲದ ಕಾರಿನಲ್ಲಿ ತಪ್ಪು ತಿದ್ದಲು ಯಾರೂ ಇಲ್ಲ.

ಹ್ಯಾಂಡ್‌ಬ್ರೇಕಿನ ಕಥೆ ಇನ್ನೂ ನಾಚಿಕೆಗೇಡು. ಹಿಂದಿನ ಕ್ಯಾಲಿಪರಿಗೆ ಪ್ರತ್ಯೇಕ ಲಿವರ್ ಇರಬೇಕು, ಕೇಬಲ್ ಅದರ ಅಳತೆಗೆ ಹೊಂದಬೇಕು. ಹೊಂದಲಿಲ್ಲವೆಂದರೆ ಕೇಬಲನ್ನು ಮೇಲಕ್ಕೆ ಕಟ್ಟಿ, ಗೇರಿಗೆ ಹಾಕಿ ಟೈರಿಗೊಂದು ಕಲ್ಲು ಕೊಟ್ಟು ನಿಲ್ಲಿಸುತ್ತಾರೆ. ನಾಲ್ಕು ಡಿಸ್ಕಿನ ಕಾರಿಗೆ ಕಲ್ಲಿನ ಹ್ಯಾಂಡ್‌ಬ್ರೇಕ್! ಪೆಡಲ್ ಬ್ರೇಕ್ ಕೈಕೊಟ್ಟ ದಿನ ಉಳಿಯುವ ಏಕೈಕ ಬ್ರೇಕ್ ಹ್ಯಾಂಡ್‌ಬ್ರೇಕೇ ಎಂಬುದೂ ಇವರಿಗೆ ನೆನಪಿರುವುದಿಲ್ಲ.

ಕಾರಿನ ಒಂದು ಮಾದರಿ ರಸ್ತೆಗಿಳಿಯುವ ಮುನ್ನ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಅದರ ಬ್ರೇಕ್ ಪರೀಕ್ಷೆಯಾಗಿರುತ್ತದೆ, ಖಾಲಿ ಕಾರಿನಲ್ಲೂ ತುಂಬಿದ ಕಾರಿನಲ್ಲೂ. ನಿಮ್ಮ ಬ್ರಾಕೆಟನ್ನು ಪರೀಕ್ಷಿಸಿದವರು ಯಾರು? ಗ್ಯಾರೇಜಿನ ಮುಂದಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿಬಂದು ‘ಸೂಪರ್ ಸಾರ್’ ಎಂದ ಹುಡುಗ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿದೆ. ನಾಳೆ ಅಪಘಾತವಾದರೆ ವಿಮೆಯವರು ಈ ಬದಲಾವಣೆಯ ಬಗ್ಗೆ ಪ್ರಶ್ನೆ ಎತ್ತದೆ ಬಿಡುವುದಿಲ್ಲ.

ದುಡ್ಡಿಲ್ಲ ಎನ್ನಬೇಡಿ. ಬ್ರೇಕ್ ಎಣ್ಣೆ ಬದಲಿಸಲು ಒಂದೆರಡು ಸಿನಿಮಾ ಟಿಕೆಟ್ಟಿನಷ್ಟು ಖರ್ಚು. ಹಾಗಿದ್ದೂ ಕಾರು ಕೊಂಡಾಗ ತುಂಬಿದ ಎಣ್ಣೆಯಲ್ಲೇ ಹತ್ತು ವರ್ಷ ಓಡಿಸುವವರಿದ್ದಾರೆ. ಈ ಎಣ್ಣೆ ಗಾಳಿಯ ತೇವ ಹೀರುತ್ತದೆ. ಡಾಟ್ 4 ಎಣ್ಣೆ ಹೊಸದರಲ್ಲಿ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು. ಶೇ 3.7ರಷ್ಟು ನೀರು ಸೇರಿದಾಗ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ, ಚಾರ್ಮಾಡಿ ಇಳಿಯುವಾಗ ಪೆಟ್ರೋಲ್ ಉಳಿಸುವ ಆಸೆಗೆ ನ್ಯೂಟ್ರಲ್‌ಗೆ ಹಾಕಿ, ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುತ್ತಾರೆ. ಎಣ್ಣೆ ಕುದಿದು ಪೈಪಿನಲ್ಲಿ ಆವಿ ತುಂಬುತ್ತದೆ. ಪೆಡಲ್ ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಹಿಂದೆ ಇರುವುದು ಡ್ರಮ್ಮೋ ಡಿಸ್ಕೋ ಎಂಬುದರಿಂದ ಯಾವ ವ್ಯತ್ಯಾಸವೂ ಇಲ್ಲ. ಘಾಟಿಯಲ್ಲಿ ಎರಡನೇ ಗೇರಿಗೆ ಹಾಕಿ ಇಳಿಯಲು ಕಾಸು ಖರ್ಚಿಲ್ಲ. ಉಳಿಸಿದೆವೆಂದುಕೊಂಡ ಪೆಟ್ರೋಲೂ ಸುಳ್ಳು, ಗೇರಿನಲ್ಲಿ ಇಳಿಯುವಾಗ ಈಗಿನ ಎಂಜಿನ್ನು ಇಂಧನವನ್ನೇ ನಿಲ್ಲಿಸುತ್ತದೆ.

ಮೆಕ್ಯಾನಿಕ್ಕುಗಳಿಗೂ ಒಂದು ಮಾತು. ಹೊಳಪೇರಿದ ಶೂವನ್ನು ಎಮರಿ ಪೇಪರಿನಲ್ಲಿ ಉಜ್ಜಿ ಮತ್ತೆ ಕೂರಿಸುವುದು, ಸೋರುವ ವೀಲ್ ಸಿಲಿಂಡರನ್ನು ಒರೆಸಿ ಮುಚ್ಚುವುದು, ಒಂದೇ ಕಡೆಯ ಶೂ ಬದಲಿಸುವುದು ಗಿರಾಕಿಗೆ ಮಾಡುವ ಉಪಕಾರವಲ್ಲ. ‘ಇದು ಆಗಲ್ಲ, ಎರಡೂ ಕಡೆ ಬದಲಾಯಿಸಬೇಕು’ ಎಂದು ಮುಖಕ್ಕೆ ಹೇಳುವವನೇ ನಿಜವಾದ ಕೆಲಸಗಾರ. ಹಾಗೆ ಹೇಳಿದವನನ್ನು ಕಳ್ಳ ಎಂದು ಬೈದು ಇನ್ನೊಂದು ಗ್ಯಾರೇಜಿಗೆ ಹೋಗುವ ಮಾಲೀಕನಿಗೂ ಈ ಪಾಪದಲ್ಲಿ ಪಾಲಿದೆ.

ಡಿಸ್ಕಿಗೆ ಎತ್ತಿಟ್ಟ ದುಡ್ಡಿನಲ್ಲಿ ಎರಡೂ ಕಡೆ ಹೊಸ ಶೂ, ಹೊಸ ವೀಲ್ ಸಿಲಿಂಡರ್ ಹಾಕಿಸಿ. ಹಳ್ಳ ಬಿದ್ದ ಡ್ರಮ್ ಬದಲಿಸಿ. ಬ್ರೇಕ್ ಎಣ್ಣೆ ಪೂರ್ತಿ ಚೆಲ್ಲಿ ಹೊಸದು ತುಂಬಿಸಿ, ಎರಡು ವರ್ಷಕ್ಕೊಮ್ಮೆ ಅದನ್ನೇ ಮಾಡಿ. ಗೀರಿನ ಆಳ 1.6 ಮಿಲಿಮೀಟರಿಗೆ ಸವೆದ ಟೈರನ್ನು ಎಸೆಯಿರಿ, ಕಾನೂನಿನ ಮಿತಿಯೂ ಅದೇ. ಇದೆಲ್ಲ ಆದ ಮೇಲೂ ಹಿಂದೆ ಡಿಸ್ಕ್ ಬೇಕೇ ಬೇಕು ಅನ್ನಿಸಿದರೆ, ಕಾರ್ಖಾನೆಯಿಂದಲೇ ಡಿಸ್ಕ್ ಇಟ್ಟುಕೊಂಡು ಬಂದ ಕಾರು ಕೊಳ್ಳಿ. ಅಷ್ಟು ಹಣ ಕೂಡುವವರೆಗೆ ಡ್ರಮ್ಮಿನ ಕಾರನ್ನು ನೆಟ್ಟಗೆ ನೋಡಿಕೊಳ್ಳಿ. ರಸ್ತೆಯಲ್ಲಿ ನಿಮ್ಮ ಮುಂದೆ ಹೋಗುತ್ತಿರುವವರು ನಿಮ್ಮ ಬ್ರೇಕನ್ನೇ ನಂಬಿಕೊಂಡಿದ್ದಾರೆ.