ಪಿಟೀಲು ಕಲಿಯುವವರ ಎಡಗೈ

ಕಳೆದ ವಾರ ನೆರೆಮನೆಯ ಗೃಹಿಣಿಯೊಬ್ಬರು ತಮ್ಮ ಹತ್ತು ವರ್ಷದ ಮಗಳನ್ನೂ ಕರಿಯ ಪೆಟ್ಟಿಗೆಯಲ್ಲಿದ್ದ ಪಿಟೀಲನ್ನೂ ಕರೆತಂದಂತೆ ನಮ್ಮ ಮನೆಗೆ ಬಂದರು. ವಾದ್ಯ ಹುಡುಗಿಯ ತಾತನದು. ಅವರು ತೀರಿಕೊಂಡ ಮೇಲೆ ಮೊಮ್ಮಗಳು ತಾನಾಗಿ ಆಸೆಪಟ್ಟು ಪಾಠ ಆರಂಭಿಸಿ ಎಂಟು ತಿಂಗಳಾಗಿತ್ತು.

“ಇವಳ ಕೈಗೆ ಸಂಗೀತ ಬರೆದಿಲ್ಲ, ರಾಯರೇ. ಅರ್ಧ ಗಂಟೆ ನುಡಿಸಿದರೆ ಹೆಬ್ಬೆರಳು ನೋವೆಂದು ಅಳುತ್ತಾಳೆ. ಚೌಡಯ್ಯನವರು ಏಳು ತಂತಿಯ ಪಿಟೀಲನ್ನೇ ನುಡಿಸಿದರು, ನಿನಗೆ ನಾಲ್ಕು ತಂತಿ ಭಾರವೇ ಎಂದು ಇವರಪ್ಪ ಗದರಿಸಿಯೂ ಆಯಿತು. ಇನ್ನು ವಾದ್ಯವನ್ನು ಯಾರಿಗಾದರೂ ಕೊಟ್ಟುಬಿಡೋಣವೆಂದಿದ್ದೇವೆ,” ಎಂದರು. ಹುಡುಗಿ ತಲೆ ತಗ್ಗಿಸಿ ನಿಂತಿದ್ದಳು.

“ಸ್ವಲ್ಪ ನುಡಿಸು, ಮಗು,” ಎಂದೆ. ಸರಳೆ ವರಸೆಯ ಎರಡು ಸಾಲು ಮುಗಿಯುವಷ್ಟರಲ್ಲಿ ಕಾರಣ ತಿಳಿಯಿತು. ಕಿವಿ ಶುದ್ಧವಾಗಿತ್ತು, ಸ್ವರ ಜಾರಿದೊಡನೆ ಅವಳ ಹುಬ್ಬು ಗಂಟಿಕ್ಕುತ್ತಿತ್ತು. ಕೆಟ್ಟಿದ್ದುದು ಎಡಗೈಯ ಇರವು. ಪಿಟೀಲಿನ ತುದಿಯ ಸುರುಳಿ ಪಾದದ ಮೇಲೆ ನಿಲ್ಲದೆ ಗಾಳಿಯಲ್ಲಿ ತೂಗುತ್ತಿತ್ತು. ವಾದ್ಯದ ಭಾರವನ್ನು ಆ ಪುಟ್ಟ ಹೆಬ್ಬೆರಳು ಹೊತ್ತಿತ್ತು.

ಇಂಥ ಮಕ್ಕಳು ಅನೇಕ ಮನೆಗಳಲ್ಲಿರುವುದರಿಂದ ಈ ಮಾತನ್ನು ವಾಚಕರ ಮುಂದಿಡುತ್ತಿದ್ದೇನೆ.

ಎಡಗೈಯ ಕೆಲಸ ಸ್ವರಸ್ಥಾನವನ್ನು ಮುಟ್ಟುವುದು, ವಾದ್ಯವನ್ನು ಹೊರುವುದಲ್ಲ. ಪಾಶ್ಚಾತ್ಯರು ಪಿಟೀಲನ್ನು ಹೆಗಲಿಗೂ ಗದ್ದಕ್ಕೂ ನಡುವೆ ನಿಲ್ಲಿಸುತ್ತಾರೆ. ಅದಕ್ಕೆ ನೆರವಾಗಲೆಂದೇ ಜರ್ಮನಿಯ ವಾದಕ ಲೂಯಿ ಷ್ಪೋರ್ 1820ರ ಸುಮಾರಿಗೆ ಗದ್ದಕ್ಕೆ ಆಸರೆಯಾಗುವ ಸಣ್ಣ ಹಲಗೆಯನ್ನು ಬಳಕೆಗೆ ತಂದನು. ನಮ್ಮ ಸಂಗೀತಕ್ಕೆ ಪಿಟೀಲು ಒಗ್ಗಿದ್ದು 19ನೆಯ ಶತಮಾನದ ಆದಿಭಾಗದಲ್ಲಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ತಂದವರಲ್ಲಿ ಮುಖ್ಯರು. ನಮ್ಮ ವಿದ್ವಾಂಸರು ಕುಳಿತು ನುಡಿಸುವವರು. ಚಕ್ಕಳಮಕ್ಕಳ ಹಾಕಿ, ಬಲಗಾಲನ್ನು ತುಸು ಮುಂದಿಟ್ಟು, ಸುರುಳಿಯನ್ನು ಬಲಪಾದದ ಮೇಲೆ ಊರಿ, ಇನ್ನೊಂದು ತುದಿಯನ್ನು ಎಡ ಹೆಗಲೆದೆಗೆ ಒರಗಿಸಿದರೆ ವಾದ್ಯ ತಾನಾಗಿ ನಿಲ್ಲುತ್ತದೆ. ಕೈ ಬಿಟ್ಟರೂ ಅದು ಬೀಳಬಾರದು. ಇದೇ ಮೊದಲ ಪರೀಕ್ಷೆ.

ಈ ಸ್ವಾತಂತ್ರ್ಯ ನಮಗೆ ಇನ್ನೂ ಹೆಚ್ಚು ಅಗತ್ಯ. ಜಾರು, ಕಂಪಿತಗಳಿಲ್ಲದೆ ನಮ್ಮ ರಾಗವಿಲ್ಲ. ಒಂದೇ ಬೆರಳು ತಂತಿಯ ಮೇಲೆ ಮೇಲಕ್ಕೂ ಕೆಳಕ್ಕೂ ಸರಿಯುವಾಗ ಇಡಿಯ ಕೈ ಅದರೊಡನೆ ಸಾಗಬೇಕು. ಹೆಬ್ಬೆರಳು ಇಕ್ಕಳದಂತೆ ಬಿಗಿದುಕೊಂಡಿದ್ದರೆ ಕೈ ಸಾಗುವುದೆಂತು?

ಆದುದರಿಂದ ಹೆಬ್ಬೆರಳು ಪಿಟೀಲಿನ ಕತ್ತನ್ನು ಮೃದುವಾಗಿ ಸೋಕಿರಲಿ. ಅದರ ಸ್ಥಾನ ತೋರುಬೆರಳು, ನಡುಬೆರಳುಗಳಿಗೆ ಸುಮಾರಾಗಿ ಎದುರು. ಅಂಗೈ ಕತ್ತಿಗೆ ಅಂಟದಿರಲಿ, ನಡುವೆ ಗಾಳಿಯಾಡಲಿ. ಮಣಿಕಟ್ಟು ಒಳಕ್ಕೆ ಕುಸಿಯದೆ ಮುಂದೋಳಿನ ನೇರಕ್ಕಿರಲಿ. ಬೆರಳುಗಳು ಕಮಾನಿನಂತೆ ಬಾಗಿ ತುದಿಯಿಂದ ತಂತಿಯನ್ನು ಒತ್ತಲಿ. ಉಗುರು ಬೆಳೆದಿದ್ದರೆ ಇದು ಸಾಧ್ಯವೇ ಇಲ್ಲ.

ಮಾಯಾಮಾಳವಗೌಳದ ಸರಳೆಯನ್ನೇ ತೆಗೆದುಕೊಳ್ಳಿ. ಷಡ್ಜ ಬಿಡಿತಂತಿ. ಋಷಭಕ್ಕೆ ತೋರುಬೆರಳು ಬಿರಡೆಗಳ ಕಡೆಗೆ ಹಿಂದೆ ಸರಿಯಬೇಕು. ಗಾಂಧಾರಕ್ಕೆ ನಡುಬೆರಳು ಚೆನ್ನಾಗಿ ಚಾಚಬೇಕು. ಮಧ್ಯಮಕ್ಕೆ ಉಂಗುರಬೆರಳು ಅದರ ಮಗ್ಗುಲಲ್ಲೇ ಕೂಡಬೇಕು. ಪಂಚಮದ ತಂತಿಯಲ್ಲಿ ದೈವತ, ನಿಷಾದ, ತಾರಷಡ್ಜಗಳಿಗೂ ಇದೇ ಅಂತರ. ಭಾರ ಹೊತ್ತ ಕೈ ಇಷ್ಟು ಚಾಚಲಾರದು. ಗಾಂಧಾರ ತಗ್ಗುತ್ತದೆ, ಮನೆಯವರು ಕಿವಿಯನ್ನು ದೂರುತ್ತಾರೆ.

ಎರಡನೆಯ ಪರೀಕ್ಷೆ ಇನ್ನೂ ಸೊಗಸು. ಪಂಚಮದ ತಂತಿಯಲ್ಲಿ ತಾರಷಡ್ಜವನ್ನು ನುಡಿಸಿ, ಪಕ್ಕದ ಮಧ್ಯಷಡ್ಜದ ತಂತಿಯನ್ನು ನೋಡಿ. ಸ್ವರ ನಿಖರವಾಗಿದ್ದರೆ ಕಮಾನು ತಾಗದಿದ್ದರೂ ಆ ತಂತಿ ಮಿಡಿಯುತ್ತದೆ. ಬೆರಳು ಮಲಗಿ ಅದನ್ನು ಸೋಕಿದ್ದರೆ ಮೂಕವಾಗುತ್ತದೆ. ಸ್ವರವನ್ನೂ ಬೆರಳಿನ ಬಾಗನ್ನೂ ಒಟ್ಟಿಗೆ ಪರೀಕ್ಷಿಸುವ ಗುರು ವಾದ್ಯದೊಳಗೇ ಇದ್ದಾನೆ.

ಇನ್ನೊಂದು ತೊಡಕು ತಾತನ ಪಿಟೀಲಿನಲ್ಲಿಯೇ ಇತ್ತು. ಅದು ದೊಡ್ಡವರ ಪೂರ್ಣ ಅಳತೆಯ ವಾದ್ಯ. ಒಡಲೇ ಸುಮಾರು 14 ಅಂಗುಲ. ಮಕ್ಕಳಿಗೆಂದು ಮುಕ್ಕಾಲು, ಅರ್ಧ ಅಳತೆಯವು ದೊರೆಯುತ್ತವೆ. ಅರ್ಧವೆಂದರೆ ಉದ್ದದಲ್ಲಿ ಅರ್ಧವಲ್ಲ. ಒಡಲು ಒಂದೂವರೆ ಅಂಗುಲದಷ್ಟು ಕಿರಿದು. ಚಿಕ್ಕ ಕೈಗೆ ಆ ಒಂದೂವರೆ ಅಂಗುಲವೇ ದೊಡ್ಡ ಉಪಕಾರ.

ಕಷ್ಟಪಡದೆ ವಿದ್ಯೆ ಬಾರದೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ನಿಜ. ಆದರೆ ಶ್ರಮವೇ ಬೇರೆ, ನೋವೇ ಬೇರೆ. ತಂತಿ ಒತ್ತಿದ ಬೆರಳತುದಿ ಮೊದಮೊದಲು ಉರಿಯುವುದು ಸಹಜ. ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಹೆಬ್ಬೆರಳ ಬುಡ, ಮಣಿಕಟ್ಟು, ಹೆಗಲು ನೋಯುವುದು ಸಹಜವಲ್ಲ. ಅದು ಏನೋ ತಪ್ಪಿದೆಯೆಂಬ ಸೂಚನೆ. ಆಗ ನುಡಿಸುವುದನ್ನು ನಿಲ್ಲಿಸಿ ಕುಳಿತ ಬಗೆಯನ್ನು ಗುರುಗಳಿಂದ ತಿದ್ದಿಸಬೇಕು. ನೋವು ಉಳಿದರೆ ವೈದ್ಯರಲ್ಲಿಗೆ ಹೋಗಬೇಕು.

ಹುಡುಗಿಯ ಬಲಗಾಲನ್ನು ಮುಂದಿಡಿಸಿ, ಸುರುಳಿಯನ್ನು ಪಾದದ ಮೇಲೆ ಕೂರಿಸಿದೆ. “ಈಗ ಕೈ ಬಿಡು,” ಎಂದೆ. ಅವಳು ಹೆದರಿ ತಾಯಿಯ ಮುಖ ನೋಡಿದಳು, ಬಿಟ್ಟಳು. ಪಿಟೀಲು ಬೀಳಲಿಲ್ಲ. ತಾರಷಡ್ಜವನ್ನು ಮೂರು ಸಲ ಹುಡುಕಿ ನಾಲ್ಕನೆಯ ಸಲ ಹಿಡಿದಳು. “ಅಮ್ಮಾ, ಪಕ್ಕದ ತಂತಿ ತಾನೇ ಅಲುಗುತ್ತಿದೆ!” ಎಂದಳು.

ತಾತನ ಪಿಟೀಲನ್ನು ಮಾರುವ ಮಾತು ಸದ್ಯಕ್ಕೆ ನಿಂತಿದೆ. ಮನೆಯವರು ಅರ್ಧ ಅಳತೆಯ ವಾದ್ಯವೊಂದನ್ನು ಹುಡುಕುತ್ತಿದ್ದಾರೆ. ದೊಡ್ಡ ಪಿಟೀಲು ಪೆಟ್ಟಿಗೆಯಲ್ಲಿ ಕಾದಿರಲಿ, ಕೈ ಬೆಳೆಯುತ್ತದೆ.