ಸಾಕ್ಷಿಯ ಬೆಲೆ, ತಪ್ಪೊಪ್ಪಿಗೆಯ ಬೆಲೆ

ದಂಡ ಪ್ರಕ್ರಿಯಾ ಸಂಹಿತೆಗೆ 2006ರ ಜುಲೈ 5ರಂದು ಹೊಸ ಅಧ್ಯಾಯವೊಂದು ಸೇರಿತು. ಆರೋಪಿ ತಾನಾಗಿ ತಪ್ಪೊಪ್ಪಿಕೊಂಡು, ನೊಂದವರಿಗೆ ಪರಿಹಾರ ಕೊಟ್ಟು, ಕಡಿಮೆ ಶಿಕ್ಷೆಯಲ್ಲಿ ಪ್ರಕರಣ ಮುಗಿಸಿಕೊಳ್ಳುವ ‘ಪ್ಲೀ ಬಾರ್ಗೇನಿಂಗ್’ ಅದು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕಂಬಾಲಪಲ್ಲಿ ಪ್ರಕರಣದ ಆರೋಪಿಗಳು ಕೋಲಾರದ ಸೆಷನ್ಸ್ ನ್ಯಾಯಾಲಯದಲ್ಲಿ ಖುಲಾಸೆಯಾದರು. 2000ದ ಮಾರ್ಚ್ 11ರಂದು ಆ ಊರಿನಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಗಿತ್ತು. ಚಿಂತಾಮಣಿ ತಾಲ್ಲೂಕು ಆಗ ಕೋಲಾರ ಜಿಲ್ಲೆಯಲ್ಲೇ ಇತ್ತು. ಕಣ್ಣಾರೆ ಕಂಡವರೆಂದು ಹೆಸರಿಸಲಾಗಿದ್ದ ಸಾಕ್ಷಿಗಳು ಕಟಕಟೆಯಲ್ಲಿ ತಿರುಗಿಬಿದ್ದರು. 2014ರಲ್ಲಿ ಹೈಕೋರ್ಟ್ ಕೂಡ ಖುಲಾಸೆಯನ್ನು ಎತ್ತಿಹಿಡಿಯಿತು.

ಈ ಎರಡು ಸಂಗತಿಗಳಿಗೆ ಏನು ಸಂಬಂಧ ಎಂದು ಓದುಗರು ಕೇಳಬಹುದು. ಕೊಲೆ ಪ್ರಕರಣಗಳಿಗೆ ಈ ಚೌಕಾಸಿ ಅನ್ವಯಿಸುವುದೇ ಇಲ್ಲ. ಏಳು ವರ್ಷಕ್ಕೂ ಹೆಚ್ಚಿನ ಶಿಕ್ಷೆಯ ಅಪರಾಧಗಳು, ಮಹಿಳೆ ಮತ್ತು ಮಕ್ಕಳ ವಿರುದ್ಧದ ಅಪರಾಧಗಳು ಅದರ ವ್ಯಾಪ್ತಿಯಿಂದ ಹೊರಗಿವೆ. ದೌರ್ಜನ್ಯ ತಡೆ ಕಾಯ್ದೆ ಮತ್ತು ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ ಅಪರಾಧಗಳನ್ನೂ ಕೇಂದ್ರದ 2006ರ ಅಧಿಸೂಚನೆ ಹೊರಗಿಟ್ಟಿತು. ಅದು ಸರಿಯೇ. ಆದರೂ ಸಂಬಂಧವಿದೆ, ಮತ್ತು ಅದು ಅರ್ಥಶಾಸ್ತ್ರದ್ದು ಎಂಬುದು ನನ್ನ ವಾದ.

ಈ ಜಿಲ್ಲೆಯಲ್ಲಿ ತಹಶೀಲ್ದಾರನಾಗಿದ್ದಾಗ ಪಂಪ್‌ಸೆಟ್ ಕಳವಿನ ಪ್ರಕರಣವೊಂದರಲ್ಲಿ ಪಂಚರ ಸಾಕ್ಷ್ಯವನ್ನು ಕುಳಿತು ಕೇಳಿದ್ದೆ. ‘ಸಹಿ ನನ್ನದೇ ಸ್ವಾಮಿ, ಕಾಗದದಲ್ಲಿ ಏನು ಬರೆದಿತ್ತೋ ಗೊತ್ತಿಲ್ಲ’ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಹೊರಗೆ ಹುಣಸೆಮರದ ಕೆಳಗೆ ಫಿರ್ಯಾದಿಯೂ ಆರೋಪಿಯ ಅಣ್ಣನೂ ಒಟ್ಟಿಗೆ ಕಾಫಿ ಕುಡಿಯುತ್ತಿದ್ದರು. ಕಡತಕ್ಕೆ ‘ಸಾಕ್ಷ್ಯಾಧಾರಗಳ ಕೊರತೆ’ ಎಂಬ ಷರಾ ಬಿತ್ತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನ್ಯಾಯಾಲಯಗಳ ಅಂಗಳವನ್ನು ಬಲ್ಲವರಿಗೆ ಈ ದೃಶ್ಯ ಹೊಸದಲ್ಲ. ಚೌಕಾಸಿ ನಮ್ಮಲ್ಲಿ ಎಂದಿನಿಂದಲೂ ಇದೆ. ಅದು ದಾಖಲೆಯಲ್ಲಿ ಇಲ್ಲ, ಅಷ್ಟೇ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ದಾಖಲೆಯೊಳಗಿನ ಚೌಕಾಸಿಯನ್ನು ಉಳಿಸಿಕೊಂಡು, ಕಾಲಮಿತಿ ವಿಧಿಸಿದೆ. ದೋಷಾರೋಪ ನಿಗದಿಯಾದ 30 ದಿನಗಳೊಳಗೆ ಆರೋಪಿ ಅರ್ಜಿ ಹಾಕಬೇಕು. ಆತ ಸ್ವಇಚ್ಛೆಯಿಂದ ಬಂದಿದ್ದಾನೆಯೇ ಎಂದು ನ್ಯಾಯಾಧೀಶರು ಗೋಪ್ಯವಾಗಿ ವಿಚಾರಿಸಬೇಕು. ಅನಂತರ ಅಭಿಯೋಜಕರು, ತನಿಖಾಧಿಕಾರಿ, ಆರೋಪಿ ಮತ್ತು ನೊಂದವರು ಮಾತುಕತೆಗೆ ಕೂರುತ್ತಾರೆ. ಅದಕ್ಕೆ 60 ದಿನಗಳ ಗಡುವು. ಕನಿಷ್ಠ ಶಿಕ್ಷೆ ನಿಗದಿಯಾಗಿರದ ಅಪರಾಧದಲ್ಲಿ ಮೊದಲ ಬಾರಿ ಸಿಕ್ಕಿಬಿದ್ದವನಿಗೆ ವಿಧಿಸಬಹುದಾದ ಶಿಕ್ಷೆಯ ಆರನೇ ಒಂದು ಭಾಗ ಸಾಕು.

ಇಷ್ಟು ಉದಾರವಾದ ರಿಯಾಯಿತಿಗೆ ಗಿರಾಕಿಗಳೇಕೆ ಬರುವುದಿಲ್ಲ? ಸರಳ ಲೆಕ್ಕ ಹಾಕೋಣ. ಸಾಮಾನ್ಯ ಕಳವಿಗೆ ಗರಿಷ್ಠ ಮೂರು ವರ್ಷ, ಅಂದರೆ 36 ತಿಂಗಳು. ಆರನೇ ಒಂದು ಭಾಗ ಆರು ತಿಂಗಳಾಯಿತು. ಸಾಕ್ಷಿಗಳು ತಿರುಗಿಬೀಳುವ ಊರಿನಲ್ಲಿ ಶಿಕ್ಷೆಯಾಗುವ ಸಂಭವ ಹತ್ತರಲ್ಲಿ ಒಂದು ಎಂದು ಭಾವಿಸಿದರೆ, ಆರೋಪಿಯ ಮನಸ್ಸಿನಲ್ಲಿ ವಿಚಾರಣೆಯ ಬೆಲೆ ನಾಲ್ಕು ತಿಂಗಳಿಗಿಂತಲೂ ಕಡಿಮೆ. ಜಾಮೀನು ಪಡೆದು ಹೊರಗಿರುವವನು, ಹಣವೋ ಬಂಧುಬಲವೋ ಇರುವವನು ಆರು ತಿಂಗಳನ್ನು ಏಕೆ ಕೊಂಡಾನು? ಜತೆಗೆ ಅಪರಾಧಿ ಎಂಬ ಹಣೆಪಟ್ಟಿ ಸರ್ಕಾರಿ ನೌಕರಿಗೆ ಅಡ್ಡ ಬರುವ ಭಯ ಬೇರೆ.

ಹಾಗಾದರೆ ಅರ್ಜಿ ಹಾಕುವವನು ಯಾರು? ಜಾಮೀನುದಾರರಿಲ್ಲದೆ ಜೈಲಿನಲ್ಲಿ ಉಳಿದವನು. ಆರು ತಿಂಗಳು ಒಳಗಿದ್ದವನಿಗೆ ‘ಒಪ್ಪಿಕೊಂಡರೆ ಇಂದೇ ಬಿಡುಗಡೆ’ ಎಂಬ ಮಾತು ಎಷ್ಟು ಹಿತವಾಗಿ ಕೇಳಿಸೀತು! ಕಳೆದ ಅವಧಿ ಶಿಕ್ಷೆಗೆ ವಜಾ ಆಗುತ್ತದೆ. ಒಪ್ಪದೆ ಕಾದರೆ, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ, ಅಂದರೆ ಒಂದು ವರ್ಷ, ಮುಗಿದ ಮೇಲೆ ತಾನೇ ಬಿಡುಗಡೆಗೆ ಅರ್ಹ! ಕದಿಯದವನೂ ಕದ್ದೆನೆಂದಾನು. ಈ ಅಪಾಯ ಕಾಲ್ಪನಿಕವಲ್ಲ. ಅಜಾಗರೂಕತೆಯಿಂದ ಸಾವಿಗೆ ಕಾರಣವಾದ ಆರೋಪದ ಪ್ರಕರಣವೊಂದು ಹಿಂದೆ ಕರ್ನಾಟಕದಿಂದಲೇ ಸುಪ್ರೀಂ ಕೋರ್ಟ್‌ಗೆ ಹೋಗಿತ್ತು. ಹಗುರ ಶಿಕ್ಷೆಯ ಭರವಸೆಯಿಂದ ತಪ್ಪೊಪ್ಪಿಸಿ, ಮೇಲ್ಮನವಿಯಲ್ಲಿ ಜೈಲುಶಿಕ್ಷೆ ಹೇರುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು ನ್ಯಾಯಾಲಯ ಹೇಳಿತು. 2003ರಲ್ಲಿ ವರದಿ ಕೊಟ್ಟ, ನಮ್ಮವರೇ ಆದ ನ್ಯಾಯಮೂರ್ತಿ ವಿ.ಎಸ್. ಮಳಿಮಠರ ಸಮಿತಿ ಈ ಪದ್ಧತಿಯನ್ನು ಬೆಂಬಲಿಸಿತು. ಅದರ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ.

ಅನುಮಾನವಿರುವುದು ಮಾತುಕತೆಯ ಮೇಜಿನ ಇನ್ನೊಂದು ಬದಿಯ ಬಗ್ಗೆ. ಅಭಿಯೋಜಕರು ಸ್ವಂತ ವಿವೇಚನೆಯಿಂದ ಕೂರುತ್ತಾರೆಯೇ? ವರನಟ ರಾಜ್‌ಕುಮಾರ್ ಅವರನ್ನು ವೀರಪ್ಪನ್ 2000ದಲ್ಲಿ ಅಪಹರಿಸಿದಾಗ, ಅವನ ಸಹಚರರ ಮೇಲಿನ ಟಾಡಾ ಆರೋಪಗಳನ್ನು ಹಿಂಪಡೆಯಲು ಅಭಿಯೋಜಕರು ಅರ್ಜಿ ಸಲ್ಲಿಸಿದ್ದರು, ಅನುಮತಿಯೂ ದೊರೆತಿತ್ತು. ಹತರಾದ ಸಬ್‌ ಇನ್‌ಸ್ಪೆಕ್ಟರ್ ಒಬ್ಬರ ತಂದೆ ಸುಪ್ರೀಂ ಕೋರ್ಟ್‌ಗೆ ಹೋಗದಿದ್ದರೆ ಆ ಅನುಮತಿ ರದ್ದಾಗುತ್ತಿರಲಿಲ್ಲ. ಮೊಕದ್ದಮೆ ಹಿಂಪಡೆಯುವ ಮುನ್ನ ನೊಂದವರ ಮಾತು ಕೇಳಲೇಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಒಬ್ಬ ವೃದ್ಧ ತಂದೆ ಹೋರಾಡಿ ಪಡೆದದ್ದು ಈಗ ಕಾನೂನಾಗಿದೆ.

ಆದರೆ ಹಳ್ಳಿಯಲ್ಲಿ ನೊಂದವರ ಮಾತಿಗೇ ಕಡಿವಾಣ ಬೀಳುತ್ತದೆ. ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ 2022ರಲ್ಲಿ ದೇವರ ಕೋಲು ಮುಟ್ಟಿದನೆಂದು ದಲಿತ ಬಾಲಕನ ಕುಟುಂಬಕ್ಕೆ 60 ಸಾವಿರ ರೂಪಾಯಿ ದಂಡ ಹಾಕಿದ ಸುದ್ದಿ ದೇಶವೆಲ್ಲ ಹರಡಿತು. ಪೊಲೀಸ್ ಪ್ರಕರಣವೂ ದಾಖಲಾಯಿತು. ಇಂಥ ಊರುಗಳಲ್ಲಿ ಸಾಕ್ಷಿಯ ಬೆಲೆ ಹಣದಲ್ಲೇ ಇರಬೇಕೆಂದಿಲ್ಲ. ಕೂಲಿ, ನೀರು, ದಾರಿ, ಮರುದಿನದ ಭಯ, ಇವೂ ಬೆಲೆಯೇ. ಕಾನೂನು ಹೊರಗಿಟ್ಟ ಪ್ರಕರಣಗಳಲ್ಲೇ ಹೊರಗಿನ ಚೌಕಾಸಿ ಅತಿ ಕ್ರೂರ.

ಆದ್ದರಿಂದ ಚೌಕಾಸಿಯ ವ್ಯಾಪ್ತಿಯನ್ನು ಹಿಗ್ಗಿಸುವ ಮೊದಲು ಸಾಕ್ಷಿಯ ಬೆಲೆಯನ್ನು ಏರಿಸಬೇಕು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆ ತಾಲ್ಲೂಕು ಠಾಣೆಯವರೆಗೆ ಇಳಿಯಬೇಕು. ಪ್ರತಿ ಒಪ್ಪಂದಕ್ಕೂ ಅಭಿಯೋಜಕರು ಕಾರಣವನ್ನು ಬರೆದಿಡಬೇಕು. ಮತ್ತು ಆ 30 ದಿನಗಳು ಕಳೆಯುವ ಮುನ್ನ, ಜೈಲಿನಲ್ಲಿರುವ ಪ್ರತಿ ವಿಚಾರಣಾಧೀನ ಕೈದಿಯ ಬಳಿಗೆ ಕಾನೂನು ನೆರವು ವಕೀಲರೊಬ್ಬರು ಹೋಗಿ, ‘ನೀನು ನಿಜವಾಗಿ ಮಾಡಿದ್ದೀಯಾ?’ ಎಂದು ಅವನಿಗೆ ತಿಳಿಯುವ ಭಾಷೆಯಲ್ಲಿ, ಮುಳಬಾಗಿಲಾದರೆ ತೆಲುಗಿನಲ್ಲಾದರೂ ಸರಿ, ಒಮ್ಮೆ ಕೇಳಬೇಕು.